ಒಂದು ಎ ಹೆಚ್ಚು

ಚಾನಲ್ಲಿಗೆ ಹೋಗಿ ಬರ್ತೀನಿ ಅಂದೆ.
ಭಟ್ಟಿಯ ಮುಂದೆ ಮಂಡಕ್ಕಿ ಜರಡಿ ಹಿಡಿದಿದ್ದ ಅವ್ವ
ತಲೆಯೆತ್ತದೆ ಅಂದಳು:
ಭದ್ರಾ ನೀರು ಬಿಟ್ಟಾರಂತೆ, ಸೆಳವು ಜಾಸ್ತಿ,
ಮೊಣಕಾಲಿನ ಮ್ಯಾಲೆ ಇಳೀಬ್ಯಾಡ.

ಆ ಚಾನಲ್ ಅಲ್ಲವ್ವ ಅನ್ನಲು ಬಾಯಿ ತೆರೆದವನು
ಹೊಗೆ ಕುಡಿದು, ಕೆಮ್ಮಿ, ಸುಮ್ಮನಾದೆ.
ಗಂಟೆಗೆ ಇಪ್ಪತ್ತೈದು ರೂಪಾಯಿ. ಅದನ್ನೂ ಹೇಳಲಿಲ್ಲ.

ಪಿ.ಜೆ. ಬಡಾವಣೆಯಲ್ಲಿ ಜಬೀವುಲ್ಲಾನ ಮಳಿಗೆ,
ಪ್ಲೈವುಡ್ಡಿನ ಆರು ಗೂಡು.
ಚಪ್ಪಲಿ ಹೊರಗೆ ಬಿಡಿ ಅಂತ ಬೋರ್ಡು.
ಅವನೇ ಕಲಿಸಿದ್ದು: ಮೊದಲು ಓರೆಗೀಟು, ಆಮೇಲೆ ಜಾಯಿನ್,
ಆಮೇಲೆ ಎರಡು ನಿಂತ ಗೀಟು, ಎರಡು ಮಲಗಿದ ಗೀಟು,
ಕಿಟಕಿ ಸರಳು ಇದ್ದಂಗೆ ಐತಲ್ಲ, ಅದು,
ಅದರ ಬೆನ್ನಿಗೇ ಹೆಸರು. ನಡುವೆ ಜಾಗ ಬಿಟ್ಯೋ,
ಅರ್ಧ ಹೆಸರಿನ ಮನೆಗೆ ಹೋಗಿ ಬೀಳ್ತೀಯ.

ಓರೆಗೀಟು ಮರೆತ ದಿನ
ಹೋಗಬೇಕೆಂದಿದ್ದ ಮನೆಯ ಹೆಸರು
ಇದ್ದ ಮನೆಯವರ ಮುಂದೆಲ್ಲ ಚೆಲ್ಲಿತು.
ಮೂವತ್ತೊಂದು ಜನ ನಕ್ಕರು,
ಅಡ್ಡ ಬಿದ್ದ ಮುಖಗಳಲ್ಲಿ.

ಕೊಟ್ರೇಶ ಅನ್ನೋ ಹೆಸರನ್ನು ಯಾರೋ ಆಗಲೇ ಉಟ್ಟುಕೊಂಡಿದ್ದರು.
ಬಾಲಕ್ಕೊಂದು ಅಡಿಗೀಟು ಕಟ್ಟಿಕೊಂಡು
ಗೀಟು ಕೊಟ್ರೇಶನಾದೆ.

ಇಷ್ಟೆಲ್ಲ ಹಾಲೇಶನಿಗಾಗಿ.
ಹರಿಹರದ ಅವರ ಮಾವನ ಎಸ್.ಟಿ.ಡಿ. ಬೂತಿಗೆ ಕಂಪ್ಯೂಟರ್ ಬಂದಿತ್ತು.
ಫೋನಿನಲ್ಲಿ ಮಾತಾಗಿತ್ತು:
ಶುಕ್ರವಾರ, ಒಂಬತ್ತಕ್ಕೆ, ದಾವಣಗೆರೆ ಚಾನಲ್.
ಊರ ಹೆಸರು. ಅದನ್ನೂ ಬಿಡಿಸಿ ಹೇಳಬೇಕೇ?

ಹೋದೆ. ಯಾರೂ ಇಲ್ಲ.
ನನ್ನ ಹೆಸರಿನ ಮುಂದೆ ಮಾತ್ರ ಒಂದು ಸುರುಳಿ ಎ,
ಬಾಲ ಸುತ್ತಿಕೊಂಡು ಮಲಗಿದ ಬೆಕ್ಕು.
ಜಬೀವುಲ್ಲಾ ಬಗ್ಗಿ ನೋಡಿದ: ಭಾರೀ ಆತು ಬಿಡು.
ಇಲ್ಲದ ಮನೆಯ ಹೆಸರು ಕರೆದ್ರೆ ಮನೆ ಹುಟ್ಟುತ್ತೆ,
ಮೊದಲು ಕಾಲಿಟ್ಟೋನೇ ಧಣಿ.
ಕೊನೆಯೋನು ಎದ್ದು ಹೋದ್ರೆ
ಮನೆಯೂ ಇಲ್ಲ, ಧಣಿಯೂ ಇಲ್ಲ.

ಅದಕ್ಕೇ ಏಳಲಿಲ್ಲ.
ಎರಡು ಗಂಟೆ, ಐವತ್ತು ರೂಪಾಯಿ.
ಯಾರನ್ನು ಬೇಕಾದರೂ ಒದ್ದು ಹೊರಗೆ ಹಾಕುವ ಅಧಿಕಾರ ನನಗಿತ್ತು.
ಇದ್ದವನು ನಾನೊಬ್ಬನೇ.

ತಿಂಗಳು ಮಾತಿಲ್ಲ.
ಆಮೇಲೊಂದು ಸಂಜೆ ರಾಮ್ ಅಂಡ್ ಕೋ ಸರ್ಕಲ್ಲಿನಲ್ಲಿ
ಮಿರ್ಚಿ ಕಡಿಯುತ್ತ ಸಿಕ್ಕವನು ನನಗಿಂತ ಮೊದಲೇ ಸಿಡಿದ:
ಎರಡು ತಾಸು ಕಾದೆನಲೇ, ಧಣಿಯಾಗಿ ಒಬ್ನೇ ಕುಂತಿದ್ದೆ!
ನಾನೂ.
ಎಲ್ಲಿ?
ಅಲ್ಲೇ.

ಎಣ್ಣೆ ಹತ್ತಿದ ಕಾಗದದ ಮೇಲೆ ಬರೆದು ನೋಡಿದೆವು.
ಅವನು ಬಸ್ಸಿನ ಬೋರ್ಡು ನೋಡಿ ಕಲಿತ ಊರು,
ನಾನು ಮಾರ್ಕ್ಸ್ ಕಾರ್ಡು ನೋಡಿ.
ನಡುವೆ ಒಂದು ಎ. ನನ್ನಲ್ಲಿತ್ತು, ಅವನಲ್ಲಿರಲಿಲ್ಲ.
ಕನ್ನಡದಲ್ಲಿ ಈ ಪಂಚಾಯ್ತಿಯೇ ಇಲ್ಲ:
ಣ ಅಂತ ಬರೆದರೆ ಅ ಅದರ ಕಂಕುಳಲ್ಲೇ ಕೂತಿರುತ್ತೆ,
ಕಂಡಕ್ಟರು ಅರ್ಧ ಟಿಕೆಟ್ಟೂ ಕೇಳದ ಕೂಸು.
ಬಾಯಲ್ಲಿ ನುಂಗಿ ದಾವಣ್ಗೆರೆ ಅಂದರೂ
ಅಳುವುದಿಲ್ಲ.

ಕುದುರೆ ಕಟ್ಟುವ ದಾವಣಿಯಿಂದ ಊರಿಗೆ ಹೆಸರು ಬಂತು
ಅನ್ನುತ್ತಿದ್ದ ನಮ್ಮಜ್ಜ.
ಎರಡು ದಾವಣಿ, ಎರಡು ಕುದುರೆ,
ನಡುವೆ ಒಂದು ಅಕ್ಷರದಷ್ಟು ಹುಲ್ಲು.

ನಿನ್ನ ಮನೆಗೆ ಬರ್ತೀನಿ ಅಂತ ಇಬ್ಬರೂ ಅನ್ನಲಿಲ್ಲ.
ಆಮೇಲೆ ಬಂದವನಿಗೆ ಸುರುಳಿ ಇಲ್ಲವಲ್ಲ.
ಕೊನೆಗೆ ರಾಜಿ: ದಾ ಅನ್ನೋದಕ್ಕೆ ಎರಡು ಎ ಇಟ್ಟು
ಯಾರದೂ ಅಲ್ಲದ ಹೊಸ ಮನೆ. ಶುಕ್ರವಾರ, ಒಂಬತ್ತಕ್ಕೆ.

ಒಟ್ಟಿಗೇ ಕಾಲಿಟ್ಟೆವು.
ಸುರುಳಿ ನನಗೂ ಬರಲಿಲ್ಲ, ಅವನಿಗೂ ಬರಲಿಲ್ಲ.
ಒಳಗೆ ಯಾರೋ ಆಗಲೇ ಕೂತಿದ್ದರು, ಒಬ್ಬರೇ,
ಎಷ್ಟು ಶುಕ್ರವಾರಗಳಿಂದಲೋ.
ಬಹಳ ಹೊತ್ತು ಪರದೆ ಅಲುಗಲಿಲ್ಲ. ಆಮೇಲೆ,
ಇಂಗ್ಲಿಷ್ ಅಕ್ಷರದಲ್ಲಿ, ನಮ್ಮೂರ ಮಾತು:
ಬಂದ್ರಾ? ಬರ್ರಿ. ಬಾಗಿಲು ಹಾಕಿಲ್ಲ.
ಕೇಳದೆಯೇ ಇಬ್ಬರಿಗೂ ಒಂದೊಂದು ಸುರುಳಿ ಹಂಚಿದರು.

ರಾತ್ರಿ ಮನೆಗೆ ಹೋದಾಗ
ಅವ್ವ ನನ್ನ ಪ್ಯಾಂಟಿನ ಅಂಚು ಮುಟ್ಟಿ ನೋಡಿದಳು.
ಒಣಗಿತ್ತು.
ಅನ್ನ ಬಡಿಸಿದಳು.