ಇತರೆ

ನಾನು ಬರೀ ಲೆಕ್ಕ ಬರೆಯುವವನು.
ಕತ್ರಿಗುಪ್ಪೆಯ ನೀರಿನ ಟ್ಯಾಂಕಿನ ಹಿಂದೆ ತಗಡಿನ ಸೂರು,
ಒಣಕಸದ ಕೇಂದ್ರ. ಒಂದು ತೂಕದ ಯಂತ್ರ,
ಮೇಲೆ ಏನೂ ಇಡದಿದ್ದರೂ
ಇನ್ನೂರು ಗ್ರಾಂ ಎನ್ನುತ್ತದೆ.

ಹಾಲಿನ ಕವರು ಇಷ್ಟು, ನೀರಿನ ಬಾಟಲಿ ಇಷ್ಟು,
ರಟ್ಟು, ಗಾಜು, ಎಳನೀರಿನ ಚಿಪ್ಪು.
ಕೊನೆಯ ಕಾಲಮ್ಮಿನ ಹೆಸರು 'ಇತರೆ'.
ಅಲ್ಲಿ ಬಿದ್ದದ್ದು ರಾತ್ರಿ ಲಾರಿ ಹತ್ತಿ
ಊರಾಚೆಯ ಗುಡ್ಡಕ್ಕೆ ಗುಡ್ಡವಾಗುತ್ತದೆ.

ಬೇರ್ಪಡಿಸುವವಳು ಗಂಗಹನುಮಕ್ಕ.
ಕಣ್ಣಿಗಿಂತ ಕಿವಿ ಚುರುಕು ಅವಳಿಗೆ:
ಹಿಸುಕಿದಾಗ ಗರಗರ ಅಂದದ್ದು ಒಂದು ಚೀಲಕ್ಕೆ,
ಸದ್ದಿಲ್ಲದೆ ಮುದುಡಿದ್ದು ಇನ್ನೊಂದಕ್ಕೆ.
ಸಂಶಯ ಬಂದರೆ ಬಕೆಟ್ಟಿನ ನೀರು,
ತೇಲಿದ್ದು ಒಂದು ಜಾತಿ, ಮುಳುಗಿದ್ದು ಒಂದು ಜಾತಿ.
"ಜಾತಿ ಅನ್ನೋದು ಕೆಲ್ಸಕ್ಕೆ ಬರೋದು
ಇಲ್ಲೊಂದೇ ಕಡೆ ಕಣಪ್ಪಾ" ಎಂದು ನಗುತ್ತಾಳೆ.
ನಾನು ನಗುವುದಿಲ್ಲ. ಬರೆದುಕೊಳ್ಳುತ್ತೇನೆ.

ವೈಶಾಖದ ಲಗ್ನಗಳು ಮುಗಿದ ಸೋಮವಾರ
ಛತ್ರದಿಂದ ಬಂತು ಏಳು ಮೂಟೆ ಲೋಟ.
ಆಚೆಯದು ಈಚೆಗೆ ಕಾಣುವಷ್ಟು ತಿಳಿ,
ಬದಿಯಲ್ಲಿ ಹಸಿರು ಎಲೆ, ಕೆಳಗೆ
'ನಾನು ಪ್ಲಾಸ್ಟಿಕ್ ಅಲ್ಲ'.
ಮುಸುಕಿನ ಜೋಳದಿಂದ ಮಾಡಿದ್ದಂತೆ.
ಅಲ್ಲದಿದ್ದರೆ ಮತ್ತೇನು
ಎಂದು ಎಲ್ಲೂ ಬರೆದಿರಲಿಲ್ಲ.

ಗೊಬ್ಬರದ ಗುಂಡಿಯವನು ಬೇಡವೆಂದ.
ಹೋದ ವರ್ಷ ಹೂತದ್ದು
ತೊಳೆದಿಟ್ಟ ಹಾಗೆ ಎದ್ದು ಬಂತಂತೆ;
ಬಾಳೆಲೆ ಮಣ್ಣಾಗಿ, ನುಗ್ಗೆಯ ಸಿಪ್ಪೆ ಮಣ್ಣಾಗಿ,
ಲೋಟ ಮಾತ್ರ ಲೋಟ.
"ಅದು ಕೇಳೋ ಕಾವು ನನ್ ಗುಂಡಿಗೆಲ್ಲಿಂದ ತರಲಿ?"

ನಾಯಂಡಹಳ್ಳಿಯ ಸೆಲ್ವರಾಜು
ಬಾಟಲಿಗಳ ಜೊತೆ ಅರೆದು ಕರಗಿಸಿ
ಇಡೀ ಒಬ್ಬೆ ಹಳದಿಗಟ್ಟಿತೆಂದು
ತಮಿಳಿನಲ್ಲಿ ಬೈದ,
ಕನ್ನಡದಲ್ಲಿ ದುಡ್ಡು ಮುರಿದುಕೊಂಡ.

ಅಕ್ಕ ಬಕೆಟ್ಟಿಗೆ ಹಾಕಿ ನೋಡಿದಳು.
ಬಾಟಲಿಯೂ ಮುಳುಗಿತು, ಲೋಟವೂ ಮುಳುಗಿತು.

ಹದಿನಾಲ್ಕು ಕೆಜಿ. ಇತರೆ, ಎಂದು ಬರೆದೆ.

"ಅಳಿಸು."
ಒಂದು ಲೋಟ ಎತ್ತಿ ಹಿಸುಕಿದಳು.
ಬಾಟಲಿಯ ಹಾಗೆ ಮುದುಡಲಿಲ್ಲ;
ಚಟ್ಟೆಂದು ಸೀಳಿತು, ಒಣಹಪ್ಪಳದ ಹಾಗೆ.
ಇನ್ನೊಂದು. ಚಟ್. ಇನ್ನೊಂದು.
"ಇದರ ದನಿಯೇ ಬೇರೆ. ಬೇರೆ ಚೀಲ ಕೊಡು."

ಮೂರು ತಿಂಗಳು ಮೊಳೆಗೆ ನೇತಾಡಿತು ಚೀಲ.
ಒಂದು ಇಲಿ ಅದರಲ್ಲಿ ಮರಿ ಹಾಕಿತು.

ಪೀಣ್ಯದಿಂದ ನಿಖತ್ ಬಂದದ್ದು ಆಮೇಲೆ,
ಬೈಕಿನ ಹಿಂದೆ ನೀಲಿ ಕ್ಯಾನು ಕಟ್ಟಿಕೊಂಡು,
ಬಾಡಿಗೆ ಶೆಡ್ಡು, ಸಾಲದ ಬಾಯ್ಲರು ಅವಳದು.
ತೊಳೆದು, ಪುಡಿಮಾಡಿ, ಬಿಸಿನೀರಲ್ಲಿ ಒತ್ತಿ ಬೇಯಿಸಿದರೆ
ಸರಪಳಿಯ ಕೊಂಡಿಗಳೆಲ್ಲ ಕಳಚಿ
ಕೊನೆಗೆ ಉಳಿಯುವುದು ಒಂದು ಹುಳಿ.
"ಹಾಲು ಮೊಸರಾಗುತ್ತಲ್ಲ ಅಕ್ಕಾ, ಅದೇ ಹುಳಿ.
ಮತ್ತೆ ಕೊಂಡಿ ಹಾಕಿದರೆ ಮತ್ತೆ ಲೋಟ."

ಗಂಗಹನುಮಕ್ಕ ಕೈಗವಸು ಬಿಚ್ಚಿ
ಬಹಳ ಹೊತ್ತು ಆ ಕ್ಯಾನನ್ನೇ ನೋಡಿದಳು.
"ಅಂದ್ರೆ ಹೆಪ್ಪು.
ಇವತ್ತಿಂದ ಒಂದ್ ಚಮಚ ನಾಳೆಗೆ ಎತ್ತಿಡೋದು."

"ಪೂರ್ತಿ ವಾಪಸ್ ಸಿಗಲ್ಲ ಅಕ್ಕಾ, ಸುತ್ತಿಗಿಷ್ಟು ಕಮ್ಮಿಯಾಗ್ತಾ ಹೋಗತ್ತೆ."

"ಪಾತ್ರೆಗೆ ಅಂಟಿದ್ದು ಪಾತ್ರೆಗೆ.
ಎತ್ತಿಡೋದೇ ಮರೆತ್ರೆ ಮಾತ್ರ
ಬೆಳಗ್ಗೆ ಲೋಟ ಹಿಡ್ಕೊಂಡು
ಪಕ್ಕದ ಮನೆ ಬಾಗಿಲು ತಟ್ಟಬೇಕು.
ಈ ಊರಲ್ಲಿ ಪಕ್ಕದ ಮನೆ ಎಲ್ಲಿದೆ ಈಗ?
ಅದಿರಲಿ, ಕೆಜಿಗೆ ಎಷ್ಟು ಕೊಡ್ತೀಯ?"

ಒಂಬತ್ತರಿಂದ ಶುರುವಾಗಿ
ಎರಡು ಟೀ ಕುಡಿದು
ಹದಿಮೂರಕ್ಕೆ ನಿಂತಿತು.

ಹಾಳೆಯ ಅಂಚಿಗೆ ಹೊಸ ಗೆರೆ ಎಳೆದೆ, ಸೊಟ್ಟ.
ತಲೆಬರಹ ಅವಳೇ ಹೇಳಿದಳು, ನಾನು ಬರೆದೆ.

ತಿಂಗಳ ಕೊನೆಗೆ ಬಂದ ಪಾಲಿಕೆಯ ಸಾಹೇಬರು
ಆ ಕಾಲಮ್ಮಿನ ಮೇಲೆ ಪೆನ್ನು ನಿಲ್ಲಿಸಿ ಕೇಳಿದರು:
"ಏನ್ರೀ ಇದು, ಹೆಪ್ಪು, ನಲವತ್ತೊಂದು ಕೆಜಿ?
ಇಲ್ಲೇನು ಡೈರಿ ನಡೆಸ್ತಿದೀರಾ?"

ಒಳಗಿನಿಂದ ಚಟ್, ಚಟ್ ಸದ್ದು.
ನಾನು ತೂಕದ ಯಂತ್ರ ಒರೆಸುತ್ತಿದ್ದೆ.
ಬರಿದಾಗಿತ್ತು. ಇನ್ನೂರು ಗ್ರಾಂ.