ಹೊಸ್ತಿಲಾಚೆಯ ಚಪ್ಪಲಿ

ಅಪ್ಪ ಮುಖಕ್ಕಿಂತ ಮೊದಲು ಕಾಲು ನೋಡುತ್ತಿದ್ದ.
ಕೌಲ್ ಬಜಾರಿನ ನಮ್ಮ ಮನೆಗೆ ಯಾರೇ ಬರಲಿ,
'ಬರ್ರಿ' ಅನ್ನುವಷ್ಟರಲ್ಲಿ ಅವನ ಕಣ್ಣು
ಹೊಸ್ತಿಲಾಚೆಯ ಚಪ್ಪಲಿ ಮುಟ್ಟಿ ವಾಪಸು ಬಂದಿರುತ್ತಿತ್ತು.
ಕೆಂಪು ಧೂಳಿದ್ದರೆ ಸಂಡೂರಿನ ದಾರಿ.
ಕರಿ ಎರೆ ಹಕ್ಕಳೆಗಟ್ಟಿದ್ದರೆ ಸಿರುಗುಪ್ಪದ ಕಡೆ.
ಹಿಮ್ಮಡಿಯ ಬಿರುಕಿನಲ್ಲಿ ನೀಲಿ ಕಂಡರೆ
ಜೀನ್ಸ್ ಒಗೆಯುವ ಶೆಡ್ಡಿನಿಂದ ನೇರ ಬಂದವರು,
ಪಗಾರ ಆಗಿಲ್ಲ, ಚಹಾದ ಜೊತೆ ತಿನ್ನಲು ಏನಾದರೂ ಕೊಡು
ಎಂದು ಅವ್ವನಿಗೆ ಹುಬ್ಬಿನಲ್ಲೇ ಹೇಳುತ್ತಿದ್ದ.
ಅವನ ಬೂಟು ಮಾತ್ರ ಏನನ್ನೂ ಹೇಳುತ್ತಿರಲಿಲ್ಲ.
ಓಣಿಯ ತಿರುವಿನಲ್ಲೇ ಒರೆಸಿಕೊಂಡು ಬರುತ್ತಿದ್ದ.

ಸುಬೇದಾರ್ ಎರ್ರಿಸ್ವಾಮಿ. ಮಿಲಿಟರಿ ಪೊಲೀಸು. ಕೆಂಪು ಟೋಪಿ.
ಕಳುವಾದ ಡೀಸೆಲ್ಲು, ಲೆಕ್ಕಕ್ಕೆ ಸಿಗದ ಕಾಡತೂಸು,
ನೇಣು ಹಾಕಿಕೊಂಡ ಹುಡುಗನ ಜೇಬಿನ ಅರ್ಧ ಕಾಗದ,
ಇಪ್ಪತ್ತಾರು ವರ್ಷದ್ದು ಯಾವುದನ್ನೂ ಮನೆಗೆ ತರಲಿಲ್ಲ.
ತಂದದ್ದು ಒಂದು ಅಳತೆಯ ಟೇಪು, ಒಂದು ಭೂತಗನ್ನಡಿ,
'ಹೇಳು, ಕೇಳ್ತೀನಿ' ಎಂಬ ಒಂದು ಮಾತು.

ಬೈದಿದ್ದರೆ ಸುಳ್ಳು ಹೇಳಬಹುದಿತ್ತು.
ಅವನು ಎದುರಿಗೆ ಕೂತು ಕಡ್ಲೆಕಾಯಿ ಸುಲಿಯುತ್ತಿದ್ದ,
ಬೀಜ ನಮ್ಮ ಮುಂದೆ, ಸಿಪ್ಪೆ ತನ್ನ ಮುಂದೆ,
ನಾವೇ ತಡೆಯಲಾರದೆ ಬಾಯಿ ಬಿಡುವ ತನಕ.

ಒಮ್ಮೆ ಮಾತ್ರ ಕೇಳಲಿಲ್ಲ.
ಕಾಲೇಜು ತಪ್ಪಿಸಿ ನಾನು ಮ್ಯಾಟಿನಿಗೆ ಹೋದದ್ದು,
ಒಬ್ಬಳೇ ಹೋಗಿರಲಿಲ್ಲ ಎಂಬುದು.
ಪುಸ್ತಕದಲ್ಲಿ ಅಡಗಿಸಿದ್ದ ಟಿಕೇಟಿನ ಎರಡು ಚೂರು
ಬೆಳಗಾಗುವುದರೊಳಗೆ
ನಲವತ್ತೊಂದನೇ ಪುಟದಿಂದ ಎಂಬತ್ತಾರಕ್ಕೆ ಹೋಗಿದ್ದವು.
ಅಷ್ಟೇ.

ಮೊನ್ನೆ ಅವನನ್ನು ನಡುಮನೆಯಲ್ಲಿ ಮಲಗಿಸಿದಾಗ
ನಾನು ಹೊರಗೆ ನಿಂತು ಚಪ್ಪಲಿ ಓದಿದೆ.
ಕೆಂಪು. ಕರಿ. ನೀಲಿ, ನೀಲಿ, ಇನ್ನೊಂದು ನೀಲಿ.
ಕ್ಯಾಂಟೀನಿನ ಪಾಲಿಶು ಹೊಡೆದ ನಾಲ್ಕು ಜೊತೆ ಬೂಟು.
ಕೊನೆಗೆ ಒಂದು ಟೈರಿನ ಜೋಡು, ಎಡಗಡೆಯ ಪಟ್ಟಿಗೆ ತಂತಿ ಬಿಗಿದದ್ದು,
ಮೇಲೆ ಬಾಳೆಯ ಸೊನೆ ಒಣಗಿದ ಕಂದು ಕಲೆ.
ಕಂಪ್ಲಿ, ಅಂದುಕೊಂಡೆ.

ಅದರ ಒಡೆಯ ಒಳಗೆ ಬಂದಿರಲಿಲ್ಲ. ಬೇವಿನ ಕೆಳಗೆ ಕೂತಿದ್ದ.
'ಹೇಳ್ರಿ, ಕೇಳ್ತೀನಿ' ಎಂದೆ. ಮಾತು ತಾನೇ ಬಂತು.
'ಜಂಬಯ್ಯ ಅಂತ. ಜಬಲ್ಪುರದಾಗ ಸ್ಟೋರಿನ ಕಂಬಳಿ ಮಾರಿದ್ದೆ, ಹದಿನೇಳು.
ನಮ್ಮ ಜಿಲ್ಲೆದವ, ಬಿಡ್ತಾನ ಅಂದ್ಕಂಡೆ.
ಬಿಡಲಿಲ್ಲ. ಹನ್ನೊಂದು ತಿಂಗಳು ಒಳಗಿದ್ದೆ.
ಹನ್ನೊಂದು ತಿಂಗಳೂ ನನ್ನ ಹೇಣ್ತಿಗೆ ಮನಿಯಾರ್ಡರು.
ಫಾರಮಿನ ಮ್ಯಾಲೆ ಯಾವನದೋ ಹೆಸರು.
ಅಕ್ಷರ ಮಾತ್ರ ನನ್ನ ಹೇಳಿಕೆ ಬರಕಂಡ ಕೈದು.'
ಇನ್ನೂ ಏನೋ ಹೇಳುವವನಿದ್ದ. ತಮಟೆ ಶುರುವಾಯಿತು.

ರಾತ್ರಿ ಅವ್ವನಿಗೆ ಹೇಳಿದೆ.
ಅವಳು ದೀಪದ ಬತ್ತಿ ಮುಂದೆ ಮಾಡಿ
'ನಲವತ್ತು ರೂಪಾಯಿ' ಅಂದಳು, 'ಆ ವರ್ಷ ತಿಂಗಳಾ ಕಡಿಮಿ ಬರ್ತಿತ್ತು.'
'ಕೇಳಲಿಲ್ಲೇನು?'
'ಯಾಕ ಕೇಳ್ಲಿ? ರಜಕ್ಕ ಬಂದಾಗ
ಎದುರಿಗೆ ಕುಂತು ಒಂದು ಸೇರು ಕಡ್ಲೆಕಾಯಿ ಸುಲಿದೆ.'
'ಬಾಯಿ ಬಿಟ್ಟನಾ?'
'ಎಲ್ಲಿ ಬಿಡ್ತಾನ.
ಬೀಜ ಅಷ್ಟೂ ತಿಂದು ಎದ್ದ, ನಿಮ್ಮಪ್ಪ.'