ಹೆಬ್ಬೆರಳ ಲೆಕ್ಕ

ಮಿಕೇಸ್, ಇವತ್ತು ಕೋಸ್ ದ್ವೀಪದ ಆಸ್ಪತ್ರೆಯಲ್ಲಿ
ನನ್ನ ಪಕ್ಕೆಲುಬಿನ ಸಂದಿಗೆ ಯಂತ್ರವೊಂದನ್ನು ಹಚ್ಚಿ
ಬಾಗಿಲು ತಟ್ಟಿದ ಹಾಗೆ ತಟ್ಟಿದರು, ಹತ್ತು ಸಲ.
ಲಿವರ್ ಎಷ್ಟು ಗಟ್ಟಿಯಾಗಿದೆಯೆಂದು ಅಳೆಯುವುದಂತೆ.
ಹದಿಮೂರು ಚಿಲ್ಲರೆ, ಅಂದಳು ಹುಡುಗಿ.

ನನಗೆ ನಗು ಬಂತು.
ನಲವತ್ತು ವರ್ಷ ಕಾಲಿಮ್ನೋಸಿನ ಬಂದರಿನ ಹಿಂದೆ
ಕುರಿಗತ್ತರಿ ಹಿಡಿದು ಸ್ಪಂಜು ಸವರಿದವಳು ನಾನು.
ಹೆಬ್ಬೆರಳೊತ್ತಿದರೆ ಸಾಕಿತ್ತು:
ಇದು ಎಳೆಮಗುವಿನ ಬೆನ್ನಿಗೆ, ಇದು ಕುದುರೆ ತಿಕ್ಕಲು,
ಇದರ ಹೊಟ್ಟೆಯಲ್ಲಿ ಕಲ್ಲಿದೆ, ಆಚೆ ಹಾಕು.
ಸ್ವಂತ ಹೊಟ್ಟೆಗೆ ಮಾತ್ರ ಬೆರಳು ಹೋಗಲಿಲ್ಲ.

ಅಮ್ಮನಿಂದ ಬಂತೋ,
ಗುಡ್ಡದ ಮೇಲಿನ ದವಾಖಾನೆಯ ಗಾಜಿನ ಸಿರಿಂಜಿನಿಂದ ಬಂತೋ.
ನಿನಗೆ ಆರು ವರ್ಷ, ನನಗೆ ನಾಲ್ಕು,
ಊರ ಮಕ್ಕಳೆಲ್ಲ ಸಾಲಾಗಿ ತೋಳು ಚಾಚಿ ನಿಂತಿದ್ದೆವು.
ಡಬ್ಬಿಯ ನೀರು ಕುದಿಯಿತೋ ಇಲ್ಲವೋ
ನೋಡಿದವರು ಯಾರು.

ಡಾಕ್ಟರ್ ಎವ್ದೋಕಿಯಾ ಚೀಟಿಯ ಬೆನ್ನಿಗೆ ಗೀಚಿ ತೋರಿಸಿದಳು:
ಈ ವೈರಸ್ಸೆಂದರೆ ಮೂರು ಸಾವಿರದ ಇನ್ನೂರು ಅಕ್ಷರ,
ಒಂದು ಹಾಳೆಗೆ ಹಿಡಿಸುವಷ್ಟು ಬರಹ.
ದಿನಕ್ಕೆ ಕೋಟಿ ಕೋಟಿ ನಕಲು.
ನಕಲು ಮಾಡುವವನಿಗೆ ಮಾತ್ರ
ಬರೆದದ್ದನ್ನು ತಿರುಗಿ ಓದುವ ಚಾಳಿಯಿಲ್ಲ;
ಕಾಗುಣಿತ ತಪ್ಪಿದರೆ ತಪ್ಪಿದ್ದೇ ಮುಂದಿನ ಮೂಲಪ್ರತಿ.
ನಿಮ್ಮದರಲ್ಲಿ, ಸೆವಸ್ತಿಯವರೇ,
ಸಾವಿರದ ಎಂಟುನೂರ ತೊಂಬತ್ತಾರನೆಯ ಮನೆಯಲ್ಲಿ
ಜಿ ಇರಬೇಕಾದಲ್ಲಿ ಎ ಕೂತಿದೆ.

ಅಷ್ಟಕ್ಕೆ ಏನಾಗುತ್ತದೆ? ಕೇಳಿದೆ.

ಮಾತಿನ ಮಧ್ಯೆ ಪೂರ್ಣವಿರಾಮ ಬೀಳುತ್ತದೆ, ಅಂದಳು.
ಇ ಅನ್ನುವ ಪ್ರೋಟೀನೊಂದಿತ್ತು,
ರಕ್ತದಲ್ಲೆಲ್ಲ ನಾನಿದ್ದೇನೆ, ನಾನಿದ್ದೇನೆ ಎಂದು ಸಾರುತ್ತಿತ್ತು.
ಅದರ ಬಾಯಿ ಕಟ್ಟಿತು.
ವೈರಸ್ಸಿನ ಕೈ ಕಟ್ಟಲಿಲ್ಲ.

ಆಗ ನೆನಪಾಯಿತು, ಅಥೆನ್ಸಿನಿಂದ ನಿನಗೆ ಬಂದ ಆ ಲಕೋಟೆ.
ಇಪ್ಪತ್ತೇಳು ನಿನಗೆ. ಇ ನೆಗೆಟಿವ್.
ಒಳ್ಳೆಯ ಸೂಚನೆ, ಅಂದಿದ್ದರು ದೊಡ್ಡ ಡಾಕ್ಟರು;
ಅವರ ತಪ್ಪಲ್ಲ, ಅಂದಿಗೆ ಅಷ್ಟೇ ಗೊತ್ತಿದ್ದದ್ದು.
ನೀನು ಲಕೋಟೆಯನ್ನು ನಾಲ್ಕಾಗಿ ಮಡಚಿ
ಅಲುಗುವ ಮೇಜಿನ ಕಾಲಡಿಗೆ ಇಟ್ಟೆ.
ಅಮ್ಮ ಹರಕೆಯ ಬೆಳ್ಳಿ ತಗಡು ಕೊಳ್ಳಲು ಹೋದಳು.
ಅಂಗಡಿಯಲ್ಲಿ ಕಣ್ಣಿತ್ತು, ಕಾಲಿತ್ತು,
ತೊಟ್ಟಿಲ ಮಗುವಿತ್ತು, ದೋಣಿಯೂ ಇತ್ತು.
ಲಿವರ್ ಇರಲಿಲ್ಲ.
ಹೃದಯವನ್ನೇ ತಂದು ದೇವರ ಪಟಕ್ಕೆ ತೂಗುಹಾಕಿದಳು,
ಅವನಿಗೆ ಅರ್ಥವಾಗುತ್ತದೆ ಬಿಡು, ಅಂದಳು.

ಸದ್ದಡಗಿದ ಮನೆಯನ್ನು
ಖಾಲಿಯಾದ ಮನೆಯೆಂದು ತಿಳಿದೆವು, ಮಿಕೇಸ್.

ಸಮುದ್ರದ ತಳದಲ್ಲಿ ಸ್ಪಂಜಿಗೆ ರೋಗ ಬಿದ್ದ ವರ್ಷ
ಮೇಲೆ ತಂದದ್ದೆಲ್ಲ ಅಂಗೈಯಲ್ಲೇ ಬೂದಿಯಂತೆ ಉದುರುತ್ತಿತ್ತು.
ಮುಳುಗುವವರು ದೋಣಿ ಮಾರಿದರು.
ಆ ಗದ್ದಲದಲ್ಲಿ ನಿನ್ನ ಕಣ್ಣು ಹಳದಿಯಾದದ್ದನ್ನು
ಮೊದಲು ಕಂಡವನು ಕ್ಷೌರದ ಅಂಗಡಿಯವನು.
ಆಮೇಲೆ ಹೊಟ್ಟೆಯಲ್ಲಿ ನೀರು.
ಆಮೇಲೆ, ಬಲಗಡೆ, ಗೆಡ್ಡೆ.
ಅಂಗಿಯ ಗುಂಡಿ ಹಾಕಲಾಗದೆ ನೀನು ನಕ್ಕದ್ದು,
ಬಸುರಿಯಾದೆ ಕಣೇ ತಂಗಿ, ಅಂತ.

ಅವನದರಲ್ಲೂ ಇದೇ ಅಕ್ಷರ ತಪ್ಪಿತ್ತಾ?
ಎವ್ದೋಕಿಯಾ ಪೆನ್ನಿನ ಮುಚ್ಚಳ ಹಾಕಿದಳು.
ಅವರ ರಕ್ತ ಎಲ್ಲೂ ಉಳಿದಿಲ್ಲವಲ್ಲ. ಹೇಳಲಾಗದು.

ಹಾಗಾದರೆ ನನ್ನದನ್ನೇ ಓದಿ
ನಿನ್ನನ್ನು ಊಹಿಸಬೇಕು.

ದಿನಕ್ಕೊಂದು ಗುಳಿಗೆ ಕೊಟ್ಟಿದ್ದಾರೆ, ತಪ್ಪಿಸುವ ಹಾಗಿಲ್ಲ.
ನಕಲು ಮಾಡುವವನ ಕೈ ಹಿಡಿಯುತ್ತದಂತೆ;
ಬರೆದದ್ದನ್ನು ಅಳಿಸುವುದಿಲ್ಲ.
ಗಟ್ಟಿಯಾದದ್ದು ಮೆತ್ತಗಾದೀತೇ ಅಂದರೆ
ಕೆಲವರಿಗೆ ಆಗುತ್ತದೆ, ಅಂದಳು. ಕೆಲವರಿಗೆ.

ರಾತ್ರಿ ಮನೆಗೆ ಬಂದು
ಗೋಣಿಯಿಂದ ಎರಡು ಹಳೆಯ ಸ್ಪಂಜು ತೆಗೆದೆ.
ಒಣಗಿದಾಗ ಒಳ್ಳೆಯದೂ ಕಲ್ಲು, ಕೆಟ್ಟದ್ದೂ ಕಲ್ಲು,
ನಲವತ್ತು ವರ್ಷದ ಹೆಬ್ಬೆರಳಿಗೂ ತಿಳಿಯುವುದಿಲ್ಲ.
ಎರಡನ್ನೂ ಬೋಗುಣಿಯ ನೀರಿಗೆ ಹಾಕಿ
ದೀಪ ಆರಿಸಿ ಕೂತಿದ್ದೇನೆ.

ಮಾರ್ಚಿಯಲ್ಲಿ ಮತ್ತೆ ತಟ್ಟುತ್ತಾರಂತೆ.